ಗುರುತಿಗಿಂತ ಎರಡು ಬೆರಳು ಮೇಲೆ

ಮಂಕಿಯ ಹೆದ್ದಾರಿ ಬದಿಯಲ್ಲಿ ನನ್ನ ಗ್ಯಾರೇಜು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಭಟ್ಕಳದಿಂದ ಕುಮಟೆಯವರೆಗೆ ಎಲ್ಲ ಡ್ರೈವರುಗಳಿಗೂ ಗೊತ್ತು. ಆದರೂ ಬರುತ್ತಾರೆ. ಕಾಯಿಲೆ ಹುಡುಕದೆ ಸಾಮಾನು ಬದಲಾಯಿಸುವವನು ನಾನಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ.

ಎರಡು ವರ್ಷದ ಹಿಂದೆ, ಮಳೆಗಾಲ ಮುಗಿದ ಹೊಸತರಲ್ಲಿ, ಹೊನ್ನಾವರದ ಒಬ್ಬ ಟ್ಯಾಕ್ಸಿಯವನು ಬಂದ. ಮೊದಲು ಮೀನಿನ ಬೋಟಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದವನು. ಮಂಡಿ ಕೈಕೊಟ್ಟ ಮೇಲೆ ಸಮುದ್ರ ಬಿಟ್ಟು, ಇದ್ದದ್ದನ್ನೆಲ್ಲ ಹಾಕಿ ಟರ್ಬೊ ಇರುವ ಹಳೆಯ ಡೀಸೆಲ್ ಕಾರು ಕೊಂಡಿದ್ದ. ಈಗ ಏರು ಹತ್ತುವಾಗ ನೀಲಿ ಹೊಗೆ, ಗಾಳಿಯ ಪೈಪಿನ ಜಾಯಿಂಟುಗಳಲ್ಲೆಲ್ಲ ಎಣ್ಣೆ. ದೊಡ್ಡ ವರ್ಕ್‌ಶಾಪೊಂದರಲ್ಲಿ ಬಾನೆಟ್ ಎತ್ತಿದವರೇ ಟರ್ಬೊ ಹೋಗಿದೆ, ಹೊಸದೇ ಹಾಕಬೇಕು ಎಂದಿದ್ದರಂತೆ. ಅದು ಅವನ ಕೈಗೆಟುಕುವ ಮಾತಲ್ಲ. ಕಾರು ಮಾರಿ, ಅದೇ ಮಂಡಿ ಇಟ್ಟುಕೊಂಡು ಮತ್ತೆ ಬೋಟು ಹತ್ತುವುದೊಂದೇ ದಾರಿ ಎಂದ.

ಟರ್ಬೊ ಎಂದರೆ ಎಂಜಿನ್ನಿಗೆ ಒತ್ತಿ ಗಾಳಿ ತುಂಬುವ ಪುಟ್ಟ ಫ್ಯಾನು. ಅದರ ಪೈಪಿನಲ್ಲಿ ಎಣ್ಣೆ ಕಂಡಕೂಡಲೇ ಅದನ್ನೇ ದೂರುವುದು ಸುಲಭ. ನಾನು ಏರ್ ಫಿಲ್ಟರಿನಿಂದ ಶುರುಮಾಡಿ ಒಂದೊಂದೇ ಪೈಪು ಬಿಚ್ಚಿ, ಹಳೆ ಪಂಚೆಯ ಬಿಳಿ ಚೂರಿನಿಂದ ಒಳಗೆ ಒರೆಸುತ್ತ ಹೋದೆ. ಫಿಲ್ಟರಿನ ಹತ್ತಿರ ಒಣ. ಅದರಾಚೆ, ಎಂಜಿನ್ನು ತನ್ನ ಹೊಟ್ಟೆಯ ಗಾಳಿ ಬಿಡುವ ಸಣ್ಣ ಕೊಳವೆ ಬಂದು ಸೇರುತ್ತದಲ್ಲ, ಅಲ್ಲಿಂದ ಮುಂದೆ ಬಟ್ಟೆ ಕಪ್ಪು. ಟರ್ಬೊ ಇನ್ನೂ ಮುಂದಿತ್ತು. ತನ್ನ ಮನೆಗೆ ಬರುವ ಮೊದಲೇ ಎಣ್ಣೆ ಇದೆ ಎಂದ ಮೇಲೆ ಅದು ಕಳ್ಳನಾಗುವುದು ಹೇಗೆ? ಅದರ ದಂಡವನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿದೆ. ಗಟ್ಟಿಯಾಗಿತ್ತು, ರೆಕ್ಕೆ ಎಲ್ಲೂ ಉಜ್ಜಿರಲಿಲ್ಲ.

ಆಮೇಲೆ ಎಣ್ಣೆ ನೋಡುವ ಕಡ್ಡಿ ಎಳೆದೆ. ಮೇಲಿನ ಗುರುತಿಗಿಂತ ಎರಡು ಬೆರಳು ಮೇಲಿತ್ತು.

ಎಣ್ಣೆ ಹಾಕುವವರು ಯಾರು ಎಂದು ಕೇಳಿದೆ. ಅವನು ಎದೆ ಸೆಟೆಸಿ, ಆ ಕೆಲಸ ಯಾರ ಕೈಗೂ ಬಿಡುವುದಿಲ್ಲ ಎಂದ. ಅಲೆಗೆ ಬೋಟು ವಾಲಿದಾಗ ಎಂಜಿನ್ನಿನ ಒಂದು ಮೂಲೆಗೆ ಎಣ್ಣೆ ಸಿಗದೆ ಹೋಗಬಾರದೆಂದು ಗುರುತಿಗಿಂತ ಒಂದಿಷ್ಟು ಹೆಚ್ಚೇ ಇಡುವುದು ಅವನು ಕಲಿತ ಪದ್ಧತಿ. ನಡುಸಮುದ್ರದಲ್ಲಿ ಅವನ ಎಂಜಿನ್ ಒಮ್ಮೆಯೂ ನಿಂತಿರಲಿಲ್ಲವಂತೆ. ಅದೇ ಅಕ್ಕರೆಯಿಂದ ಕಾರಿಗೂ ಹಾಕಿದ್ದ. ಅತಿಯಾದರೆ ಅಮೃತವೂ ವಿಷ. ಎಂಜಿನ್ನಿನೊಳಗೆ ತಿರುಗುವ ದಂಡ ಆ ಹೆಚ್ಚಿನ ಎಣ್ಣೆಯನ್ನು ಮಜ್ಜಿಗೆ ಕಡೆದ ಹಾಗೆ ಕಡೆದು, ಸಣ್ಣ ಕೊಳವೆಯಿಂದ ಗಾಳಿಯ ದಾರಿಗೆ ತಳ್ಳುತ್ತಿತ್ತು.

ಬೇರೆಯವರಾಗಿದ್ದರೆ ಬೈದುಬಿಡುತ್ತಿದ್ದೆ. ಅವನ ಮುಖ ನೋಡಿ ನಾಲಗೆ ತಡೆಯಿತು. ಕಾರು ಉಳಿಯಿತು ಎನ್ನುವುದರ ಜೊತೆಗೇ, ಅವನು ಅಷ್ಟು ನೆಚ್ಚಿಕೊಂಡಿದ್ದ ವಿದ್ಯೆಯೇ ಅದನ್ನು ಕೆಡಿಸಿದ್ದು ಎಂದೂ ಹೇಳಬೇಕಿತ್ತು. ಸುತ್ತಿ ಬಳಸಿ ಮಾತಾಡಲು ನನಗೆ ಬರುವುದಿಲ್ಲ.

“ಬೋಟಿನ ಅಳತೆ ಕಾರಿಗೆ ಆಗೂದಿಲ್ಲ ಮಾರಾಯ” ಎಂದು ಕಡ್ಡಿಯನ್ನು ಅವನ ಕೈಗೆ ಕೊಟ್ಟೆ.

ಅವನು ಅದನ್ನು ಒರೆಸಿ, ತಾನೇ ಮತ್ತೊಮ್ಮೆ ಅದ್ದಿ ಎಳೆದು ನೋಡಿದ.

ಹೆಚ್ಚಿನ ಎಣ್ಣೆ ಇಳಿಸಿ, ಪೈಪುಗಳನ್ನೂ ಗಾಳಿ ತಣಿಸುವ ಇಂಟರ್‌ಕೂಲರನ್ನೂ ತೊಳೆದು ಒಣಗಿಸಿ, ಮತ್ತೆ ಎಣ್ಣೆ ಜಿನುಗಿದರೆ ಕಾಣಲೆಂದು ಜಾಯಿಂಟುಗಳಿಗೆ ಬಿಳಿ ಬಟ್ಟೆ ಸುತ್ತಿದೆ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಓಡಿಸಿದೆ. ಹೊನ್ನಾವರ ದಾಟಿ ಧಾರೇಶ್ವರದ ತನಕ, ಏರು ಸಿಕ್ಕಲ್ಲೆಲ್ಲ ಬೇಕೆಂದೇ ಒತ್ತಿದೆ. ಹೊಗೆ ಇಲ್ಲ. ನಿಲ್ಲಿಸಿ ಬಾನೆಟ್ ಎತ್ತಿದರೆ ಬಟ್ಟೆ ಕಟ್ಟಿದ ಹಾಗೇ ಬಿಳಿಯಾಗಿತ್ತು. ಸುಳ್ಳೇಕೆ ಹೇಳಲಿ, ಎದೆ ಉಬ್ಬಿತು.

ವಾಪಸು ಬರುವಾಗ ಹೊನ್ನಾವರದ ಟ್ಯಾಕ್ಸಿ ಸ್ಟ್ಯಾಂಡಿನ ಹತ್ತಿರ ನಿಲ್ಲಿಸಲು ಹೇಳಿದ. ಇಳಿದು ಕುಂಟುತ್ತ ಹೋಗಿ, ಅಲ್ಲಿದ್ದ ಡ್ರೈವರುಗಳ ಮುಂದೆ ನಿಂತ. ನನ್ನನ್ನು ಹೊಗಳುತ್ತಾನೆ ಎಂದುಕೊಂಡು ನಾನು ಸೀಟಿನಲ್ಲೇ ಕತ್ತು ನೆಟ್ಟಗೆ ಮಾಡಿ ಕೂತೆ.

“ಟರ್ಬೊಗೆ ಎಂತದೂ ಆಗ್ಲಿಲ್ಲ. ಬೋಟಿಗೆ ಹಾಕ್ದಂಗೆ ಎಣ್ಣೆ ಹೆಚ್ಚು ಹಾಕಿ ಕೆಡ್ಸಿದ್ದು ನಾನೇ. ಬೋಟಿಂದ ಬಂದವ್ರು ಇದ್ರೆ ನಿಮ್ ಗಾಡಿನೂ ಒಂದ್ಸಲ ನೋಡ್ಕೊಳ್ಳಿ” ಎಂದ.

ಇಬ್ಬರು ಎದ್ದು ತಮ್ಮ ಕಾರಿನ ಬಾನೆಟ್ ಎತ್ತಲು ಹೋದರು. ಇಷ್ಟು ವರ್ಷದಲ್ಲಿ ನನ್ನಿಂದಲೂ ಎಷ್ಟೋ ತಪ್ಪಾಗಿದೆ. ನಾಲ್ಕು ಜನರ ಮುಂದೆ ಹೀಗೆ ನಿಂತು ಒಂದನ್ನಾದರೂ ಒಪ್ಪಿಕೊಂಡವನಲ್ಲ ನಾನು.