ನೆಗಡಿಯ ವಾರದ ಚಟ್ನಿಪುಡಿ

ಚಳ್ಳಕೆರೆಯಲ್ಲಿ ನಮ್ಮ ಮನೆ ಎಣ್ಣೆ ಮಿಲ್ಲಿನ ಹಿಂದಿನ ಬೀದಿಯಲ್ಲಿದೆ. ಶೇಂಗಾದ ವಾಸನೆ ಹಾಲಿನವನಿಗಿಂತ ಮೊದಲೇ ಒಳಗೆ ಬರುತ್ತದೆ. ಹೋದ ತಿಂಗಳು ನೆಗಡಿ ಹಿಡಿದು, ಒಂದು ಬೆಳಿಗ್ಗೆ ಆ ವಾಸನೆ ಬರಲಿಲ್ಲ. ಕಾಫಿ ಬರೀ ಬಿಸಿನೀರು, ಉಪ್ಪಿನಕಾಯಿ ಬರೀ ಉರಿ. ಕೆಲಸವಿಲ್ಲದ ಮೂಗು ಇಟ್ಟುಕೊಂಡು ಕೂತವಳಿಗೆ ಮೊಳಕಾಲ್ಮುರಿನ ಮನೆ ನೆನಪಾಯಿತು.

ಅಲ್ಲಿ ಅಪ್ಪ ಗುಂಡಿಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದ. ಒಂದು ಸೀರೆ ಮುಗಿದು ಮಗ್ಗದಿಂದ ಇಳಿಯುವ ದಿನ ಅವ್ವ ಶೇಂಗಾ ಹುರಿದು ಚಟ್ನಿಪುಡಿ ಮಾಡುತ್ತಿದ್ದಳು. ಮೊದಲ ಚಿಟಿಕೆ ಮಗ್ಗಕ್ಕೆ ಎಡೆ. ಅದಕ್ಕೂ ಮುಂಚೆ ಯಾರೂ ನಾಲಿಗೆಗೆ ಇಡುವಂತಿರಲಿಲ್ಲ. ಹಾಗಾಗಿ ಉಪ್ಪು ಕೈಯಳತೆ, ಉಳಿದದ್ದೆಲ್ಲ ಮೂಗಿನ ಅಳತೆ. ಅವ್ವನಿಗೋ ವರ್ಷಕ್ಕೆ ಆರು ತಿಂಗಳು ನೆಗಡಿ. ಆಗ ಮನೆಗೆ ಮೂಗು ನಾನೇ. "ವಾಸನ ಚೂಡವೇ", ವಾಸನೆ ನೋಡೇ ಎಂದು ತೆಲುಗಿನಲ್ಲಿ ಕರೆದು, ಒರಳಿನ ಮೇಲೆ ನನ್ನ ತಲೆ ಬಗ್ಗಿಸುತ್ತಿದ್ದಳು. ನಾನು ಸಾಕು ಅಂದರೆ ಸಾಕು. ಕುಟ್ಟಿ ಕುಟ್ಟಿ ರಟ್ಟೆ ನೋಯಿಸಿಕೊಳ್ಳುತ್ತಿದ್ದ ಅಕ್ಕನಿಗೆ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಅವ್ವ ಹೋಗಿ ಮೂರು ವರ್ಷವಾಯಿತು. ಮಗ್ಗ ಬಿಚ್ಚಿ, ಗುಂಡಿ ಮುಚ್ಚಿ, ಮೇಲೆ ಟೈಲ್ಸ್ ಹಾಕಿದ್ದಾರೆ. ಅಂದಿನಿಂದ ಅಕ್ಕನಿಗೆ ಒಂದೇ ಹಟ, ಅವ್ವನ ಪುಡಿ ತನ್ನ ಕೈಗೆ ಬರಬೇಕು. ತಂದಾಗಲೆಲ್ಲ ನಾನು ಬೆಳ್ಳುಳ್ಳಿ ಹೆಚ್ಚಾಯಿತು, ಶೇಂಗಾ ಸೀದಿದೆ ಎಂದು ತಳ್ಳಿಹಾಕುತ್ತಿದ್ದೆ. ನನಗೆ ಆ ಅಧಿಕಾರ ಇದೆಯೆಂದು ಇಬ್ಬರೂ ನಂಬಿದ್ದೆವು.

ನೆಗಡಿಯ ಆ ವಾರವೇ ಅಕ್ಕ ಬಸ್ಸಿಳಿದು ಬಂದಳು. ಕೂರುವ ಮೊದಲೇ ಡಬ್ಬಿ ಮುಂದಿಟ್ಟಳು.

"ಇದೇ ಕೊನೆ ಕಣೇ. ಅವ್ವಂದಂಗೆ ಇಲ್ಲ ಅಂದ್ರೆ ಇನ್ ಮಾಡಲ್ಲ."

ಬಾಯಿಗೆ ಹಾಕಿಕೊಂಡೆ. ಮರಳು ತಿಂದಂತಿತ್ತು. ನೆಗಡಿ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅವಳ ಬೆರಳುಗಳಲ್ಲಿ ಖಾರದ ಕೆಂಪು ಇನ್ನೂ ಹೋಗಿರಲಿಲ್ಲ.

"ಅವ್ವಂದೇ ಐತಕ್ಕ," ಅಂದೆ. ಕಟ್ಟಿದ ದನಿ, ಒದ್ದೆಗಣ್ಣು ನೋಡಿ ನಾನು ಅಳುತ್ತಿದ್ದೇನೆಂದುಕೊಂಡು ಅವಳೂ ಅತ್ತಳು.

ಎಂಟು ದಿನಕ್ಕೆ ಮೂಗು ಬಿಟ್ಟಿತು. ಡಬ್ಬಿ ತೆಗೆದು ಮೂಸಿದೆ, ತಿಂದೆ. ಪುಡಿ ಚೆನ್ನಾಗಿತ್ತು. ಅವ್ವನದಾ? ಕಣ್ಣು ಮುಚ್ಚಿ ಮತ್ತೆ ತಿಂದೆ. ಅವ್ವನ ಪುಡಿ ಹೇಗಿರುತ್ತಿತ್ತೆಂದೇ ನನಗೆ ನೆನಪಿರಲಿಲ್ಲ. ಮೂರು ವರ್ಷ ಅಕ್ಕನ ಪುಡಿಯನ್ನು ಯಾವುದಕ್ಕೆ ಹೋಲಿಸಿ ಬೇಡವೆಂದೆನೋ, ಗೊತ್ತಿಲ್ಲ.