ಬಿಜಲಿಯ ಪಕ್ಕೆಲುಬು

ದೊಡ್ಡನೆಕ್ಕುಂದಿಯ ಕಡೆ ನಾಯಿಯೊಂದು ಮನಸಾರೆ ಓಡುವಷ್ಟು ಬಯಲು ಇನ್ನೂ ಉಳಿದಿದ್ದ ಕಾಲ ಅದು. ಅಪ್ಪನ ಕಾರ್ಖಾನೆಯ ಕ್ವಾರ್ಟರ್ಸ್ ಹಿಂದೆ ಕೆಂಪು ಮಣ್ಣಿನ ಮೈದಾನವಿತ್ತು. ಸಂಜೆ ಲಗೋರಿ ಆಡುವಾಗ ಮೂಗಿಗೆ ಧೂಳಿನ ಜೊತೆ ಯಾರದೋ ಮನೆಯ ಸಾರಿನ ಒಗ್ಗರಣೆಯೂ ಬರುತ್ತಿತ್ತು. ನಮ್ಮ ಮನೆಯದಲ್ಲ ಬಿಡಿ, ನಮ್ಮದು ಬಾಗಲಕೋಟೆ ಕಡೆಯ ರೊಟ್ಟಿಯ ಮನೆ.

ಒಂದು ಯುಗಾದಿಗೆ ಊರಿಗೆ ಹೋದಾಗ ಮುತ್ಯಾ, ಎಂದರೆ ಅಪ್ಪನ ಅಪ್ಪ, ನನ್ನ ಮಡಿಲಿಗೆ ಮುಧೋಳದ ನಾಯಿಮರಿಯೊಂದನ್ನು ಹಾಕಿದರು. ಬಿಜಲಿ ಎಂದು ಹೆಸರಿಟ್ಟೆ. "ರಾಜರು ಬೇಟೆಗಂತ ಸಾಕಿದ ಜಾತಿ ಇದು. ಮೂಸಿಕೋತ ಹೋಗೂದಿಲ್ಲ, ಕಣ್ಣೀಲೆ ನೋಡಿ ಓಡ್ತೈತಿ. ಮೊಲ ಕಂಡರ ಮುಗೀತು. ಕಂಡಕಂಡವರ ಮುಂದ ಬಾಲ ಅಲ್ಲಾಡಸೂದಿಲ್ಲ, ಭಾಳ ಮಾನದ ನಾಯಿ," ಎಂದರು. ಆಮೇಲೆ ತಮ್ಮ ದೊಡ್ಡ ನಾಯಿಯ ಪಕ್ಕೆಯ ಮೇಲೆ ನನ್ನ ಕೈ ಇಡಿಸಿದರು. ಬೆರಳಿಗೆ ಎಲುಬು ಒಂದೊಂದಾಗಿ ಸಿಕ್ಕವು. "ಇವು ಮುಚ್ಚಬಾರದು ನೋಡವಾ. ಮುಚ್ಚಿದರ ಓಟ ಹೋತು."

ವರ್ಷ ತುಂಬುವಷ್ಟರಲ್ಲಿ ಬಿಜಲಿ ಬೆಳೆದು ನಿಂತಳು. ಉದ್ದ ಕಾಲು, ಒಳಗೆಳೆದುಕೊಂಡ ಹೊಟ್ಟೆ. ಓಡಿದರೆ ಕಾಲು ನೆಲಕ್ಕೆ ತಾಗುವುದೇ ಕಾಣುತ್ತಿರಲಿಲ್ಲ. ಆದರೆ ಕಾಲೊನಿಯವರ ಕಣ್ಣಿಗೆ ಬಿದ್ದದ್ದು ಅವಳ ಎಲುಬು ಮಾತ್ರ. ಪಕ್ಕದ ಮನೆಯ ಸರೋಜಾ ಆಂಟಿ ಗೇಟಿನಲ್ಲೇ ಅವ್ವನನ್ನು ಕೇಳಿಬಿಟ್ಟರು: "ಏನ್ರೀ, ನಾಯಿಗೆ ಊಟ ಹಾಕಲ್ವಾ? ಪಾಪ, ಮೂಳೆ ಎಲ್ಲಾ ಕಾಣ್ತಿದೆ!" ಹುಡುಗರು "ಎಕ್ಸ್‌ರೇ ಬಂತು ಮಗಾ" ಎಂದು ಕೂಗುತ್ತಿದ್ದರು. ಭೂಮಿ ಬಾಯಿಬಿಡಬಾರದೇ ಅನಿಸುತ್ತಿತ್ತು ನನಗೆ.

ಅವ್ವನಿಗೆ ಅದು ಇನ್ನೂ ದೊಡ್ಡ ಪೆಟ್ಟು. ಮನೆಗೆ ಬಂದವರನ್ನು ಉಣಿಸದೆ ಕಳಿಸಿದರೆ ನಮ್ಮ ಕಡೆ ಮರ್ಯಾದೆಯೇ ಹೋದಂತೆ. "ನಮ್ಮ ಮನ್ಯಾಗ ನಾಯಿ ಉಪವಾಸ ಐತಂತ! ನೋಡೇಬಿಡ್ತೀನಿ," ಎಂದು ಸೆರಗು ಸಿಕ್ಕಿಸಿದಳು. ಜೋಳದ ನುಚ್ಚು, ಮಜ್ಜಿಗೆ ಹೋಗಿ ತುಪ್ಪದ ಅನ್ನ ಬಂತು, ಹಬ್ಬಕ್ಕೆ ಹೋಳಿಗೆಯೂ ಬಂತು. ನಾನು ಕದ್ದು ಬಿಸ್ಕತ್ತು ಸೇರಿಸುತ್ತಿದ್ದೆ. "ಮುತ್ಯಾ ನೋಡಿದ್ರ ಏನಂತಾರ?" ಎಂದು ಅಪ್ಪ ಕೇಳಿದರೆ ಅವ್ವ, "ಇಲ್ಲಿ ಮಂದಿ ನಡುವ ಬಾಳೇವು ಮಾಡಾಕಿ ನಾನು," ಎನ್ನುತ್ತಿದ್ದಳು.

ಎಲುಬು ಮುಚ್ಚಿದವು. "ಈಗ್ ನೋಡಿ, ಎಷ್ಟು ಲಕ್ಷಣವಾಗಿದೆ!" ಎಂದು ಸರೋಜಾ ಆಂಟಿ ಹೊಗಳಿದ ದಿನ ಅವ್ವನ ಮುಖ ನೋಡಬೇಕಿತ್ತು.

ಬೇಸಿಗೆಗೆ ಮುತ್ಯಾ ಕೃಷ್ಣರಾಜಪುರ ಸ್ಟೇಷನ್ನಿನಲ್ಲಿ ಇಳಿದು ಮನೆಗೆ ಬಂದರು. ಚೀಲ ಇಡುವ ಮೊದಲೇ "ನಡಿ, ಓಡಿಸೂಣು" ಎಂದರು. ಬಿಜಲಿ ಸೈಕಲ್ಲನ್ನೇ ಹಿಂದೆ ಹಾಕುತ್ತಾಳೆಂದು ಬಡಾಯಿ ಕೊಚ್ಚಿ ಹುಡುಗರನ್ನೆಲ್ಲ ಸೇರಿಸಿದ್ದೆ. ಬಿಜಲಿ ಚಿಮ್ಮಿ ಹೊರಟಳು. ಅರ್ಧ ಮೈದಾನಕ್ಕೇ ಏದುಸಿರು ಬಂತು. ಒಂದು ಕಾಲು ಎತ್ತಿಕೊಂಡು ಕುಂಟಿದಳು, ನಾಲಿಗೆ ಚಾಚಿ ಕುಳಿತೇಬಿಟ್ಟಳು. ಹುಡುಗರು ಬಿದ್ದುಬಿದ್ದು ನಕ್ಕರು.

ಮುತ್ಯಾ ನಗಲಿಲ್ಲ. ಅವಳ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಪಕ್ಕೆಯ ಮೇಲೆ ಕೈಯಾಡಿಸಿ ಎಲುಬು ಹುಡುಕಿದರು. ಮನೆಗೆ ಬಂದು ಕೇಳಿದ್ದು ಇಷ್ಟೇ: "ಏನ ಹಾಕೀರಿ ಇದಕ್ಕ?"

ಅವ್ವ ಬಾಗಿಲ ಮರೆಯಿಂದ, "ಮಂದಿ ಆಡಿಕೊಂಡ್ರು, ಮಾವಾ" ಎಂದಳು.

"ಮಂದಿ ಬಾಯಿ ಮುಚ್ಚಸಾಕ ನಾಯಿ ಬಾಯಿಗೆ ತುರುಕಿದ್ರಿ."

ದನಿ ಏರಿಸಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಅವ್ವ ಅಂದು ಉಣ್ಣಲಿಲ್ಲ. ಮುತ್ಯಾ ಊರ ಕಡೆಯ ಟೆಂಪೋ ಹುಡುಕಿ ಬಿಜಲಿಯನ್ನು ಜೊತೆಗೇ ಕರೆದೊಯ್ದರು. ಹುಡುಗರೆದುರು ಅಳಲು ನಾಚಿಕೆಯಾಗಿ ನಾನು ಬಚ್ಚಲುಮನೆಯಲ್ಲಿ ಅತ್ತೆ. ಊರಿನಲ್ಲಿ ಅವಳ ಎಲುಬು ಮತ್ತೆ ಕಂಡವು, ಕುಂಟು ಮಾತ್ರ ಹೋಗಲೇ ಇಲ್ಲ.

ಈಗ ಮುತ್ಯಾ ಇಲ್ಲ, ಬಿಜಲಿಯೂ ಇಲ್ಲ. ಮೈದಾನದಲ್ಲಿ ಗಾಜಿನ ಕಟ್ಟಡ ನಿಂತಿದೆ. ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಮುಧೋಳ ನಾಯಿಯನ್ನು ಹಿಡಿದು ನಿಂತಿದ್ದಳು. ಎಲುಬು ಹೇಗೆ ಕಾಣಬೇಕೋ ಹಾಗೇ ಕಾಣುತ್ತಿದ್ದವು. ನನ್ನ ಜೊತೆ ವಾಕಿಂಗ್ ಬರುವ ಗೆಳತಿ, "ಅಯ್ಯೋ, ಇದಕ್ಕೆ ಊಟ ಹಾಕಲ್ವೇನಮ್ಮಾ?" ಎಂದಳು. ಮುತ್ಯಾ ಹೇಳಿದ್ದೆಲ್ಲ ನನ್ನ ನಾಲಿಗೆಯ ತುದಿಗೆ ಬಂತು. ಆದರೆ ದಿನಾ ಮುಖ ನೋಡಬೇಕಾದ ಗೆಳತಿ, ಏನಂದುಕೊಂಡಾಳೋ ಎಂದು ಸುಮ್ಮನೆ ನಕ್ಕುಬಿಟ್ಟೆ. ಹುಡುಗಿಯ ಮುಖ ಸಣ್ಣಗಾಯಿತು. ಜೇಬಿಗೆ ಕೈ ಹಾಕಿ, ಒಂದು ಬಿಸ್ಕತ್ತು ತೆಗೆದು ನಾಯಿಯ ಬಾಯಿಗಿಟ್ಟಳು.