ವಾಲ್ಟರ್ ತಾತನ ಮೊಣಕಾಲು

ಇವತ್ತು ಆಯುಧಪೂಜೆ. ಅಮೆರಿಕದ ಎವರ್‌ಗ್ರೀನ್ ಬಡಾವಣೆಯ ನಮ್ಮ ಗ್ಯಾರೇಜಿನಲ್ಲಿ ಒಡೆದ ಬೂದುಗುಂಬಳದ ಹಸಿ ವಾಸನೆ ಏಳುತ್ತಲೇ ಪಕ್ಕದ ಮನೆಯ ವಾಲ್ಟರ್ ನೆನಪಾದರು. ಲೀಸಿನ ಕಾರಿಗೆ ಭಕ್ತಿಯಿಂದ ಕುಂಕುಮ ಹಚ್ಚುವ ಇಂಜಿನಿಯರನನ್ನು ನೋಡಿ ನಿಮಗೆ ನಗು ಬಂದರೆ ನಕ್ಕುಬಿಡಿ, ಅವರೂ ನಕ್ಕಿದ್ದರು.

ವಾಲ್ಟರ್ ಐವತ್ತರ ದಶಕದಲ್ಲಿ ಅಮೆರಿಕನ್ ಫುಟ್ಬಾಲಿನ ದೊಡ್ಡ ಹೆಸರು. ಕ್ರಿಕೆಟ್ ಬಿಟ್ಟರೆ ಬೇರೆ ಆಟವೇ ಇಲ್ಲ ಎಂದುಕೊಂಡಿದ್ದ ನನ್ನ ಪಾಲಿಗೆ ಮಾತ್ರ, ಕಸದ ಡಬ್ಬಿ ಯಾವತ್ತು ಹೊರಗಿಡಬೇಕೆಂದು ನೆನಪಿಸುವ ಹಿರಿಯರು, ಅಷ್ಟೇ. ಒಮ್ಮೆ ಗ್ರೋಸರಿ ಅಂಗಡಿಯಲ್ಲಿ ನರೆತ ತಲೆಯವನೊಬ್ಬ ಅವರ ಕೈ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡ. ಆಮೇಲೆ ವಿಚಾರಿಸಿದೆ. ಚೆಂಡು ಹಿಡಿದು ಓಡುವುದು ಇವರ ಕೆಲಸ, ಇವರನ್ನು ಕೆಡವುವುದು ಉಳಿದವರ ಕೆಲಸ. ಮೊಣಕಾಲು ಊದಿದರೆ ನೋವು ಮರೆಸುವ ಸೂಜಿ ಚುಚ್ಚಿಸಿಕೊಂಡು ಮತ್ತೆ ಮೈದಾನಕ್ಕೆ. ಸ್ಟಾರ್ ಆದರೂ ಸಂಬಳ ಸಂಸಾರಕ್ಕೆ ಸಾಲದು. ಆಟವಿಲ್ಲದ ತಿಂಗಳುಗಳಲ್ಲಿ ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ದುಡಿಮೆ. ಒಂದು ಭಾನುವಾರ ಓಡುತ್ತಿದ್ದಾಗಲೇ ಬಲ ಮೊಣಕಾಲು ತಿರುಚಿಕೊಂಡಿತು. ಅಲ್ಲಿಗೆ ಆಟ ಮುಗಿಯಿತು. ಇದನ್ನೆಲ್ಲ ಅವರು ಕಾರಿನ ರಿಪೇರಿ ವಿಷಯ ಹೇಳುವಂತೆ ಹೇಳಿದ್ದರು.

ನಾನು ಹೇಳುತ್ತಿರುವ ವರ್ಷ ಅವರಿಗೆ ಎಂಬತ್ತು ದಾಟಿತ್ತು, ಹೆಂಡತಿ ತೀರಿಕೊಂಡಿದ್ದರು. ಆ ಮೊಣಕಾಲನ್ನು ಬದಲಿಸುವ ಆಪರೇಷನ್ನು ಮುಂದಿನ ವಾರಕ್ಕೆ ನಿಗದಿಯಾಗಿತ್ತು. ನಡೆಯುವಂತಾದರೆ ಈ ಮನೆ, ಇಲ್ಲವಾದರೆ ಮನೆ ಮಾರಿ ವಾಲ್ನಟ್ ಕ್ರೀಕಿನ ವೃದ್ಧಾಶ್ರಮ ಎಂದು ಮಗಳು ಖಡಾಖಂಡಿತವಾಗಿ ಹೇಳಿದ್ದಳು. ಅವರಿಗೆ ಭಯವಾಗಿತ್ತು.

ಆ ವರ್ಷದ ಆಯುಧಪೂಜೆಯ ದಿನ ವಾಕರ್ ತಳ್ಳಿಕೊಂಡು ನಮ್ಮ ಗ್ಯಾರೇಜಿಗೆ ಬಂದರು. ಮಂಡ್ಯ ಬಿಟ್ಟು ನಮ್ಮ ಜೊತೆ ನೆಲೆಸಿದ್ದ ಅಮ್ಮ ಕಾರಿಗೆ ಹೂ ಮುಡಿಸುತ್ತಿದ್ದಳು. ಕಾರಿಗೆ ಯಾಕೆ ಪೂಜೆ ಎಂದು ವಾಲ್ಟರ್ ನಗುತ್ತಾ ಕೇಳಿದರು.

"ಅನ್ನ ಕೊಡೋದುಕ್ಕೆ ಕೈ ಮುಗೀತೀವಿ ಅಂತ ಹೇಳ್ಲಾ," ಎಂದಳು ಅಮ್ಮ. ನಾನು ಇಂಗ್ಲಿಷಿನಲ್ಲಿ ಹೇಳಿದೆ.

ವಾಲ್ಟರ್ ಕುರ್ಚಿಯಲ್ಲಿ ಕೂತು ಪ್ಯಾಂಟು ಮೇಲಕ್ಕೆ ಮಡಚಿದರು. ಮೊಣಕಾಲಿನ ತುಂಬ ಹಳೆಯ ಹೊಲಿಗೆಯ ಗುರುತು. "ನನ್ನ ಮಕ್ಕಳಿಗೆ ಊಟ ಹಾಕಿದ್ದು ಇದು. ಮುಂದಿನ ವಾರ ಕತ್ತರಿಸಿ ಎಸೀತಾರೆ," ಎಂದರು.

ಅಮ್ಮ ನನ್ನ ಅನುವಾದಕ್ಕೆ ಕಾಯಲಿಲ್ಲ. ಮೊಣಕಾಲಿಗೆ ಕುಂಕುಮವಿಟ್ಟು, ಮಂಗಳಾರತಿ ಬೆಳಗಿ, ಆ ಮೊಣಕಾಲಿಗೇ ಹೇಳಿದಳು: "ಬೋ ದುಡ್ದಿದೀಯ ಕಣಪ್ಪ. ಇನ್ನ ತೊಂದ್ರೆ ಕೊಡ್ದಂಗೆ ಹೋಗು."

ಆಪರೇಷನ್ನು ಸುಸೂತ್ರವಾಗಿ ನಡೆಯಿತು. ಮನೆ ಉಳಿಯಿತು. ಮರುವರ್ಷದ ಪೂಜೆಗೆ ಕೋಲೂರಿಕೊಂಡು ನಡೆದೇ ಬಂದರು. ಅಮ್ಮ ಕುಂಕುಮದ ಬಟ್ಟಲು ತಂದರೆ ಕೈ ಅಡ್ಡ ಮಾಡಿ, "ಬೇಡ, ಇದು ಹೊಸದು. ಇನ್ನೂ ಏನೂ ದುಡಿದಿಲ್ಲ," ಎಂದರು. ನಾನು ಹೇಳಿದ್ದು ಕೇಳಿ ಅಮ್ಮನೂ ನಕ್ಕಳು. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡದ್ದೂ ಅದೇ ಮನೆಯಲ್ಲಿ. ನನಗೆ ಅದೊಂದು ಸಮಾಧಾನ.

ಈಗ ಕಾರು, ಲ್ಯಾಪ್‌ಟಾಪು ಎಲ್ಲದರ ಪೂಜೆ ಮುಗಿಸಿ ಕುಂಕುಮದ ಬಟ್ಟಲು ಹಿಡಿದು ಅಮ್ಮನ ಪಕ್ಕ ಕೂತೆ. ಅಪ್ಪ ಹೋದ ಮೇಲೂ ನಮ್ಮನ್ನು ಓದಿಸಿದ, ಇಲ್ಲಿಗೆ ಬಂದು ನನ್ನ ಮಕ್ಕಳನ್ನೂ ಸಾಕಿದ ಕೈ ಅವಳದು. ಬೆರಳ ಗೆಣ್ಣುಗಳೆಲ್ಲ ಈಗ ಗಂಟುಗಟ್ಟಿವೆ. ಕುಂಕುಮವಿಡಲು ಕೈ ಹಿಡಿದುಕೊಂಡರೆ ಹಿಂದಕ್ಕೆ ಎಳೆದುಕೊಂಡಳು.

"ನಂಗ್ಯಾಕ್ಲಾ? ನಾನೇನ್ ದುಡ್ದಿದೀನಿ?"

ಅವಳು ತಮಾಷೆಗೆ ಕೇಳಿರಲಿಲ್ಲ.